ಕೋಲಾರದ ಕೆರೆ ನೀರು: ಲ್ಯಾಬ್ ರಿಪೋರ್ಟಿನಲ್ಲಿ ಇಲ್ಲದ ಸಾಲುಗಳು

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ). ಆ ನೀರಿನ ಮಾತು ಬಂದಾಗಲೆಲ್ಲ ಕೋಲಾರದಲ್ಲಿ ಯಾರದೋ ಕೈಯಲ್ಲಿ ಒಂದು ಲ್ಯಾಬ್ ರಿಪೋರ್ಟ್ ಇರುತ್ತದೆ. ಅಧಿಕಾರಿಗಳ ಪ್ರಕಾರ ನೀರು ಮಿತಿಯೊಳಗಿದೆ. ಹೋರಾಟಗಾರರ ಪ್ರಕಾರ ಅದು ವಿಷ. ಈ ಜಗಳ 2018ರಿಂದ ನಡೆದೇ ಇದೆ. ಅದರ ಮೇಲೆ 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಹೊಸ ನಿಯಮ ಹೊರಡಿಸಿದೆ. ಎಲ್ಲಿ ಮಣ್ಣು ಕೆಟ್ಟಿದೆ, ಎಲ್ಲಿ ನೀರು ಕೆಟ್ಟಿದೆ ಎಂದು ಮೊದಲು ಗುರುತಿಸುವ ಕೆಲಸ ಈಗ ಜಿಲ್ಲಾಡಳಿತದ ಹೆಗಲಿಗೆ ಬಿದ್ದಿದೆ. ಇದನ್ನೆಲ್ಲ ಪೇಪರಿನಲ್ಲಿ ಓದುವವರಿಗೆ ಏಳುವ ಪ್ರಶ್ನೆ ಒಂದೇ. ಟೆಸ್ಟ್ ಮಾಡಿಸಿದರೆ ಗೊತ್ತಾಗಿಬಿಡುತ್ತದಲ್ಲ, ಇಷ್ಟು ವರ್ಷ ಜಗಳ ಯಾಕೆ?

ಅಷ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ. ಲ್ಯಾಬಿನವರಿಗೆ ಏನು ಕೇಳುತ್ತೇವೋ ಅದಕ್ಕಷ್ಟೇ ಅವರು ಉತ್ತರ ಕೊಡುತ್ತಾರೆ. 'ಈ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ' ಎಂದರೆ ಹೇಳುತ್ತಾರೆ. 'ಈ ನೀರಿನಲ್ಲಿ ಏನೇನಿದೆ, ಎಲ್ಲ ಹೇಳಿಬಿಡಿ' ಎಂದರೆ ಮಾಮೂಲಿ ಲ್ಯಾಬಿನಲ್ಲಿ ಅದಕ್ಕೆ ಉತ್ತರವೇ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಹುಡುಕುತ್ತಾರೆ, ಇಲ್ಲದಿದ್ದರೆ ಇಲ್ಲ. ವರ್ಷಗಟ್ಟಲೆ ಕೊಳೆಯದೆ ಉಳಿಯುವ ರಾಸಾಯನಿಕಗಳ ಹೆಸರು ನಮ್ಮ ಮಾಮೂಲಿ ಪಟ್ಟಿಗಳಲ್ಲಿ ಇರುವುದು ತೀರಾ ಕಡಿಮೆ. ಹಾಗಾಗಿ ಎರಡೂ ಕಡೆಯವರು ಜಗಳವಾಡುತ್ತಿರುವುದು ಬಹುಪಾಲು ಯಾರೂ ಅಳೆಯದ ವಿಷಯದ ಬಗ್ಗೆ.

ನೀರು ಬಂದ ದಾರಿ

ಕೋಲಾರ, ಚಿಕ್ಕಬಳ್ಳಾಪುರ ಎರಡಕ್ಕೂ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಪಾಲಾರ್, ಪಿನಾಕಿನಿ, ಚಿತ್ರಾವತಿ ಎಲ್ಲ ಈ ಭಾಗದಲ್ಲೇ ಹುಟ್ಟುತ್ತವೆ, ಆದರೆ ಇಲ್ಲಿ ನಿಲ್ಲುವುದಿಲ್ಲ. ಮಳೆ ನೀರು ಹಿಡಿಯಲು ಹಿಂದಿನವರು ಕಟ್ಟಿದ ಕೆರೆಗಳು ಒಣಗಿದವು. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು. ಇನ್ನೊಂದು ಕಡೆ ಬೆಂಗಳೂರಿನಲ್ಲಿ ದಿನವೂ ಕೋಟಿಗಟ್ಟಲೆ ಲೀಟರ್ ಕೊಳಚೆ ನೀರು. ಅದನ್ನು ಎರಡು ಹಂತ ಶುದ್ಧ ಮಾಡಿ, ಪಂಪ್ ಮಾಡಿ, ಈ ಕೆರೆಗಳಿಗೆ ತುಂಬಿಸುವುದೇ ಯೋಜನೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ತಂದು 126 ಕೆರೆ ತುಂಬಿಸುವ ಲೆಕ್ಕ ಕೋಲಾರ ಭಾಗಕ್ಕೆ. ಹೆಬ್ಬಾಳ-ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ಚಿಕ್ಕಬಳ್ಳಾಪುರದ ಕಡೆಗೆ.

2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸಿತು. ಬೆಳ್ಳಂದೂರಿನ ನೊರೆ ಟೀವಿಯಲ್ಲಿ ನೋಡಿದ್ದ ಜನ ಗಾಬರಿಯಾದರು. ಹೈಕೋರ್ಟ್ ತಡೆ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಕೊನೆಗೆ ನೀರು ಮತ್ತೆ ಹರಿಯಿತು. ಅಂತರ್ಜಲ ಮೇಲೆ ಬಂದಿದ್ದು ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಅದನ್ನು ದಾಖಲಿಸಿದ್ದಾರೆ. ಬತ್ತಿದ್ದ ಬೋರ್‌ವೆಲ್‌ನಲ್ಲಿ ನೀರು ಕಂಡ ರೈತನಿಗೆ ನ್ಯಾನೋಗ್ರಾಂ (ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು) ಲೆಕ್ಕ ಹೇಳಿದರೆ ಅವನು ನಗುತ್ತಾನೆ. ನಗುವುದೂ ಸರಿಯೇ.

ನೊರೆಯ ಬಗ್ಗೆ ಒಂದು ಮಾತು. ಕೆರೆಯಲ್ಲಿ ಏಳುವ ನೊರೆಗೆ ಮುಖ್ಯ ಕಾರಣ ಸೋಪು, ಡಿಟರ್ಜೆಂಟು. ಅದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಸುದ್ದಿಯಾಗುತ್ತದೆ. ಈ ಲೇಖನದ ವಿಷಯವಾದ ರಾಸಾಯನಿಕಗಳಿಗೆ ಅಷ್ಟು ಕಡಿಮೆ ಪ್ರಮಾಣದಲ್ಲಿ ನೊರೆಯೂ ಇಲ್ಲ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೊರೆ ನಿಂತಿತು ಎಂದರೆ ಅವು ಇಲ್ಲ ಎಂದೂ ಅರ್ಥವಲ್ಲ, ನೊರೆ ಎದ್ದಿತು ಎಂದರೆ ಅವು ಇವೆ ಎಂದೂ ಅರ್ಥವಲ್ಲ.

ಕೊಳೆಯದ ರಾಸಾಯನಿಕ ಎಂದರೆ ಯಾವುದು?

ಮಣ್ಣಿಗೆ ಬಿದ್ದ ಹೆಚ್ಚಿನ ವಸ್ತುಗಳನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಸಗಣಿ, ಎಲೆ, ಊಟದ ಶೇಷ ಎಲ್ಲವೂ. ಆದರೆ ಇಂಗಾಲದ ಜತೆ ಕ್ಲೋರಿನ್ ಅಥವಾ ಫ್ಲೋರಿನ್ ಬಿಗಿಯಾಗಿ ಕೂಡಿಕೊಂಡಿರುವ ಕೆಲವು ರಾಸಾಯನಿಕಗಳನ್ನು ಬಿಡಿಸುವ ಶಕ್ತಿ ಅವುಗಳಿಗೆ ಇಲ್ಲ, ಇದ್ದರೂ ತುಂಬ ನಿಧಾನ. ಡಿಡಿಟಿ ಮಣ್ಣಿನಲ್ಲಿ ಅರ್ಧಕ್ಕೆ ಇಳಿಯಲು 2ರಿಂದ 15 ವರ್ಷ ಹಿಡಿಯುತ್ತದೆ. ಹಳ್ಳಿಗಳಲ್ಲಿ ಹಿರಿಯರಿಗೆ ಗಮ್ಯಾಕ್ಸಿನ್ ಪುಡಿ ನೆನಪಿರಬಹುದು. ಇರುವೆಗೂ ಅದೇ, ಬೆಳೆಗೂ ಅದೇ. ಅದು ಬಿಎಚ್‌ಸಿ. ಭಾರತದಲ್ಲಿ ಕೃಷಿಗೆ ಡಿಡಿಟಿ ಬಳಸುವುದು 1989ರಲ್ಲಿ ನಿಂತಿತು, ಬಿಎಚ್‌ಸಿ 1997ರಲ್ಲಿ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಲ್ಲಿಸಿತು. ಅಂಗಡಿಯಲ್ಲಿ ಸಿಗುವುದು ನಿಂತಿದೆ. ಮಣ್ಣಿನಲ್ಲಿ ಇರುವುದು ಅಷ್ಟು ಬೇಗ ಹೋಗುವುದಿಲ್ಲ.

ಈ ಜಾತಿಯ ರಾಸಾಯನಿಕಗಳಿಗೆ ಕಡಿವಾಣ ಹಾಕಲೆಂದೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಆಯಿತು. ಮೊದಲ ಪಟ್ಟಿಯಲ್ಲಿ 12 ಹೆಸರಿದ್ದವು: ಡಿಡಿಟಿ, ಆಲ್ಡ್ರಿನ್‌ನಂಥ ಕೀಟನಾಶಕಗಳು, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಇತ್ಯಾದಿ. ಭಾರತ 2006ರಲ್ಲಿ ಇದನ್ನು ಒಪ್ಪಿಕೊಂಡಿತು. ಪಟ್ಟಿ ಬೆಳೆಯುತ್ತಲೇ ಇದೆ. ಆದರೆ ಹೊಸದಾಗಿ ಸೇರುವ ಪ್ರತಿ ಹೆಸರನ್ನೂ ಭಾರತ ಬೇರೆಯಾಗಿ ಒಪ್ಪಬೇಕು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಏಳು ರಾಸಾಯನಿಕಗಳನ್ನು ಒಪ್ಪಿತು. 2009ರಲ್ಲೇ ಒಪ್ಪಂದಕ್ಕೆ ಸೇರಿದ್ದ ಪಿಎಫ್‌ಓಎಸ್ ಆ ಏಳರಲ್ಲಿ ಇರಲಿಲ್ಲ.

ಈ ಪಿಎಫ್‌ಓಎಸ್ ಸೇರಿರುವ ದೊಡ್ಡ ಕುಟುಂಬದ ಹೆಸರು ಪಿಎಫ್‌ಎಎಸ್. ಇವುಗಳಲ್ಲಿ ಇಂಗಾಲದ ಜತೆಗಿರುವುದು ಫ್ಲೋರಿನ್. ಎಣ್ಣೆಯೂ ಅಂಟದ, ನೀರೂ ಅಂಟದ ಗುಣ ಇವುಗಳದ್ದು. ಅದಕ್ಕೇ ಅಂಟದ ತವಾ, ಮಳೆ ಕೋಟು, ಕಲೆ ಹಿಡಿಯದ ಬಟ್ಟೆ, ತಿಂಡಿ ಕಟ್ಟುವ ಕಾಗದ, ಬೆಂಕಿ ಆರಿಸುವ ನೊರೆ, ಕ್ರೋಮ್ ಪ್ಲೇಟಿಂಗ್ ಎಲ್ಲದರಲ್ಲೂ ಇವಕ್ಕೆ ಕೆಲಸವಿದೆ. ದೊಡ್ಡ ನಗರದ ಕೊಳಚೆ ನೀರಿನಲ್ಲಿ ಇವು ಸಿಗುವುದು ಪ್ರಪಂಚದ ಎಲ್ಲ ಕಡೆ ಕಂಡುಬಂದ ಸಂಗತಿ. ಬೆಂಗಳೂರಿಗೆ ಮಾತ್ರ ವಿನಾಯಿತಿ ಇರಲು ಕಾರಣವಿಲ್ಲ.

ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಗಾರರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳು ಸಾಯುತ್ತದೆ. ಅದು ತಕ್ಷಣದ ವಿಷ, ಕಾರಣ ಎದುರಿಗೇ ಇರುತ್ತದೆ. ಕೊಳೆಯದ ರಾಸಾಯನಿಕಗಳ ದಾರಿ ಬೇರೆ. ಚೂರುಚೂರೇ ಮೀನಿನ ಕೊಬ್ಬಿಗೆ, ಹಸುವಿನ ಹಾಲಿಗೆ, ನಮ್ಮ ಮೈಗೆ ಸೇರಿ ಕೂತುಕೊಳ್ಳುತ್ತವೆ. ಯಾವ ವರ್ಷ ಎಲ್ಲಿಂದ ಬಂತು ಎಂದು ಆಮೇಲೆ ಹೇಳುವುದು ಕಷ್ಟ.

ಬಿಓಡಿ 10 ಇದ್ದರೆ ಸಾಲದೇ?

ಎಸ್‌ಟಿಪಿಯಿಂದ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕದಿಂದ, ಹೊರಬರುವ ನೀರಿನ ಬಗ್ಗೆ ಪೇಪರಿನಲ್ಲಿ ಬರುವ ಅಂಕಿಗಳು ಸಾಮಾನ್ಯವಾಗಿ ಇವು: ಬಿಓಡಿ, ಸಿಓಡಿ, ಪಿಎಚ್, ತೇಲುವ ಕಣ, ಸಾರಜನಕ, ರಂಜಕ, ಕೋಲಿಫಾರ್ಮ್. ಇವೆಲ್ಲ ಬೇಕಾದ ಅಂಕಿಗಳೇ. ಆದರೆ ಬಿಓಡಿ ಏನನ್ನು ಅಳೆಯುತ್ತದೆ ನೋಡಿ. ನೀರಿನಲ್ಲಿರುವ ಕೊಳೆಯನ್ನು ಬ್ಯಾಕ್ಟೀರಿಯಾಗಳು ತಿನ್ನುವಾಗ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಎಂಬುದನ್ನು. ಬ್ಯಾಕ್ಟೀರಿಯಾ ಯಾವುದನ್ನು ತಿನ್ನುವುದೇ ಇಲ್ಲವೋ ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಸಿಓಡಿ ಎಂದರೆ ಅದೇ ಕೊಳೆಯನ್ನು ರಾಸಾಯನಿಕ ಹಾಕಿ ಒಡೆಯಲು ಬೇಕಾಗುವ ಆಮ್ಲಜನಕದ ಲೆಕ್ಕ, ಅದರ ಅಳತೆ ಮಿಲಿಗ್ರಾಂನಲ್ಲಿ. ಪಿಎಫ್‌ಎಎಸ್ ಇರುವುದು ನ್ಯಾನೋಗ್ರಾಂನಲ್ಲಿ, ಅಂದರೆ ಹತ್ತು ಲಕ್ಷ ಪಾಲು ಕೆಳಗೆ. ಬಿಓಡಿ 10 ಇದ್ದರೂ, 5 ಇದ್ದರೂ ಇವುಗಳ ಬಗ್ಗೆ ಆ ಅಂಕಿ ಏನೂ ಹೇಳದು.

ಇನ್ನೂ ವಿಚಿತ್ರವೊಂದಿದೆ. ಕೆಲವು ದೊಡ್ಡ ಫ್ಲೋರಿನ್ ರಾಸಾಯನಿಕಗಳು ಎಸ್‌ಟಿಪಿಯೊಳಗೆ ಅರ್ಧಂಬರ್ಧ ಮುರಿದು, ಇದೇ ಕುಟುಂಬದ ಪಿಎಫ್‌ಓಎ ಥರದವಾಗಿ ಬದಲಾಗುತ್ತವೆ. ಹಾಗಾಗಿ ಒಳಗೆ ಹೋದ ನೀರಿಗಿಂತ ಹೊರಬಂದ ನೀರಿನಲ್ಲೇ ಇವು ಜಾಸ್ತಿ ಸಿಕ್ಕ ಉದಾಹರಣೆಗಳು ಬೇರೆ ದೇಶಗಳಲ್ಲಿ ಬೇಕಾದಷ್ಟಿವೆ. ಘಟಕ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ಅದನ್ನು ಕಟ್ಟಿದ್ದೇ ಬೇರೆ ಕೆಲಸಕ್ಕೆ.

ಹಳ್ಳಿಯಲ್ಲಿ ನಡೆಯುವ ಪರೀಕ್ಷೆಗಳ ಕಥೆಯೂ ಇದೇ. ಜಲ ಜೀವನ್ ಮಿಷನ್‌ನಲ್ಲಿ ಪಂಚಾಯಿತಿಗೆ ಕೊಡುವ ಪೆಟ್ಟಿಗೆಯಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಕಬ್ಬಿಣ, ಕ್ಲೋರೈಡ್ ಇಂಥವನ್ನು ಬಣ್ಣ ನೋಡಿ ಹೇಳಬಹುದು. ಫ್ಲೋರೈಡ್ ಇಷ್ಟು ಕಾಡಿದ ಈ ಜಿಲ್ಲೆಗಳಿಗೆ ಅದು ಬೇಕೇ ಬೇಕು. ರೈತರಿಗೆ ಸಿಗುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಗೊಬ್ಬರ ಎಷ್ಟು ಹಾಕಬೇಕು ಎಂದು ತಿಳಿಯಲು ಇಷ್ಟು ಸಾಕು. ಹೆಸರಿನಲ್ಲಿ 'ಆರೋಗ್ಯ' ಇದೆ ಎಂದು ಕೀಟನಾಶಕದ ಶೇಷವೂ ನೋಡಿದ್ದಾರೆ ಎಂದುಕೊಂಡರೆ ತಪ್ಪಾಗುತ್ತದೆ. ಅದರಲ್ಲಿ ಆ ಸಾಲೇ ಇಲ್ಲ.

ಲ್ಯಾಬಿನಲ್ಲಿ ನಡೆಯುವುದೇನು?

ಅಮೆರಿಕದ ಪರಿಸರ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಕುಡಿಯುವ ನೀರಿನಲ್ಲಿ ಪಿಎಫ್‌ಓಎ, ಪಿಎಫ್‌ಓಎಸ್‌ಗೆ ಲೀಟರಿಗೆ ತಲಾ 4 ನ್ಯಾನೋಗ್ರಾಂ ಮಿತಿ ಹಾಕಿತು. ಇದು ಎಷ್ಟು ಸಣ್ಣದು ಎಂದರೆ, ಐದು ಸಾವಿರ ಲೀಟರಿನ ನೀರಿನ ಟ್ಯಾಂಕರ್ ಹತ್ತು ಸಾವಿರ ನಿಲ್ಲಿಸಿ, ಅಷ್ಟಕ್ಕೂ ಸೇರಿ ನಾಲ್ಕು ಹನಿ ಹಾಕಿದಂತೆ. ಇಷ್ಟನ್ನು ಹಿಡಿಯಬೇಕಾದರೆ ಕೆಲಸ ಬಾಟಲಿಯಿಂದಲೇ ಶುರುವಾಗುತ್ತದೆ.

ಹಳೆಯ ಕ್ಲೋರಿನ್ ಕೀಟನಾಶಕಗಳಿಗೆ ಕಂದು ಬಣ್ಣದ ಗಾಜಿನ ಬಾಟಲಿ ಬೇಕು. ಪ್ಲಾಸ್ಟಿಕ್ ಆದರೆ ಅವು ಬಾಟಲಿಯ ಗೋಡೆಗೇ ಅಂಟಿಕೊಳ್ಳುತ್ತವೆ, ಬೆಳಕು ಬಿದ್ದರೆ ಕೆಲವು ಒಡೆಯುತ್ತವೆ. ಪಿಎಫ್‌ಎಎಸ್‌ಗೆ ಉಲ್ಟಾ. ಪಾಲಿಪ್ರೊಪಿಲೀನ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಟೆಫ್ಲಾನ್ ಒಳಪದರದ ಮುಚ್ಚಳ ಹತ್ತಿರ ಬರಬಾರದು, ಟೆಫ್ಲಾನ್ ಕೂಡ ಇದೇ ಫ್ಲೋರಿನ್ ಕುಟುಂಬದ್ದು. ನಲ್ಲಿಯ ತಿರುಪಿಗೆ ಪ್ಲಂಬರ್ ಸುತ್ತುವ ಬಿಳಿ ಟೇಪ್ ಇದೆಯಲ್ಲ, ಅದೂ ಟೆಫ್ಲಾನ್ ಜಾತಿಯದ್ದೇ. ಸ್ಯಾಂಪಲ್ ತೆಗೆಯುವ ಜಾಗದಲ್ಲಿ ಅದಿದ್ದರೆ ಸಿಕ್ಕ ಅಂಕಿಯನ್ನು ನಂಬುವಂತಿಲ್ಲ. ತೆಗೆಯುವವರು ನೀರು ಅಂಟದ ಜಾಕೆಟ್ ಹಾಕಿರಬಾರದು. ಬೋರ್‌ವೆಲ್ ಆದರೆ ಪೈಪಿನಲ್ಲಿ ನಿಂತ ನೀರು ಪೂರ್ತಿ ಹೋಗುವವರೆಗೆ ಮೋಟಾರ್ ಓಡಿಸಿ ಆಮೇಲೆ ಹಿಡಿಯಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು. ಕ್ಲೋರಿನ್ ಕೀಟನಾಶಕಗಳಿಗಾದರೆ ಏಳು ದಿನದೊಳಗೆ ಲ್ಯಾಬಿನಲ್ಲಿ ನೀರಿನಿಂದ ಬೇರ್ಪಡಿಸಬೇಕು. ತೊಳೆದ ಬಿಸ್ಲೇರಿ ಬಾಟಲಿಯಲ್ಲಿ ಕೆರೆ ನೀರು ತುಂಬಿ ಬಸ್ಸಿನಲ್ಲಿ ಕಳಿಸಿದ ಸ್ಯಾಂಪಲ್‌ಗೆ ಯಾವ ದೊಡ್ಡ ಲ್ಯಾಬ್ ರಿಪೋರ್ಟ್ ಕೊಟ್ಟರೂ ಅದು ಕೋರ್ಟಿನಲ್ಲಿ ನಿಲ್ಲುವುದು ಅನುಮಾನ.

ಲ್ಯಾಬಿನಲ್ಲಿ ಒಂದು ಲೀಟರ್ ನೀರನ್ನು ಸಣ್ಣ ಕೊಳವೆಯಲ್ಲಿ ತುಂಬಿದ ಪುಡಿಯ ಮೂಲಕ ಹರಿಸುತ್ತಾರೆ. ರಾಸಾಯನಿಕಗಳು ಪುಡಿಗೆ ಹಿಡಿದುಕೊಳ್ಳುತ್ತವೆ. ಅವನ್ನು ದ್ರಾವಕದಲ್ಲಿ ಬಿಡಿಸಿ ಒಂದು ಮಿಲಿಲೀಟರಿಗೆ ಇಳಿಸುತ್ತಾರೆ. ಅಲ್ಲಿಗೆ ಸಾವಿರ ಪಟ್ಟು ಗಟ್ಟಿಯಾಯಿತು. ಕೀಟನಾಶಕವಾದರೆ ಅದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಹೋಗುತ್ತದೆ. ಅದರೊಳಗೆ ಮೂವತ್ತು ಮೀಟರ್ ಉದ್ದದ, ಕೂದಲಿನಂಥ ಸಣ್ಣ ಕೊಳವೆ ಸುರುಳಿ ಸುತ್ತಿರುತ್ತದೆ. ಒಂದೊಂದು ರಾಸಾಯನಿಕವೂ ಬೇರೆ ಬೇರೆ ಹೊತ್ತಿಗೆ ಆಚೆ ಬರುತ್ತದೆ. ಬಂದದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಒಡೆದು, ತುಣುಕುಗಳ ತೂಕ ನೋಡಿ ಯಾವುದೆಂದು ಗುರುತಿಸುತ್ತದೆ. ಪಿಎಫ್‌ಎಎಸ್ ಆದರೆ ಗ್ಯಾಸಿನ ಬದಲು ದ್ರವದ ಯಂತ್ರ, ಎಲ್‌ಸಿ-ಎಂಎಸ್‌ಎಂಎಸ್.

ಈ ದಾರಿಯಲ್ಲಿ ಒಂದಿಷ್ಟು ರಾಸಾಯನಿಕ ಸೋರಿ ಹೋಗುವುದು ಖಂಡಿತ. ಎಷ್ಟು ಹೋಯಿತು ಎಂದು ತಿಳಿಯಲು, ಭಾರದ ಇಂಗಾಲದಿಂದ (ಮಾಮೂಲಿಗಿಂತ ತುಸು ತೂಕ ಹೆಚ್ಚಿರುವ ಇಂಗಾಲ, ಹಾಗಾಗಿ ಯಂತ್ರಕ್ಕೆ ಬೇರೆಯಾಗಿ ಕಾಣುತ್ತದೆ) ಮಾಡಿದ ಅದೇ ರಾಸಾಯನಿಕವನ್ನು ಗೊತ್ತಿರುವ ಪ್ರಮಾಣದಲ್ಲಿ ಮೊದಲೇ ಸ್ಯಾಂಪಲ್‌ಗೆ ಬೆರೆಸಿರುತ್ತಾರೆ. ನೂರು ಹಾಕಿದ್ದು ಎಂಬತ್ತು ಸಿಕ್ಕರೆ, ನಿಜವಾದದ್ದರಲ್ಲೂ ಅಷ್ಟೇ ಕಳೆದಿದೆ ಎಂದು ಸರಿಮಾಡಿಕೊಳ್ಳುತ್ತಾರೆ. ಜತೆಗೆ ಏನೂ ಇಲ್ಲದ ಶುದ್ಧ ನೀರನ್ನೂ ಇದೇ ದಾರಿಯಲ್ಲಿ ಕಳಿಸುತ್ತಾರೆ. ಅದರಲ್ಲೂ ಪಿಎಫ್‌ಎಎಸ್ ಸಿಕ್ಕಿತೆಂದರೆ ಬಂದದ್ದು ಕೆರೆಯಿಂದಲ್ಲ, ಸ್ಯಾಂಪಲ್ ತೆಗೆದವರ ಕೈಯಿಂದ ಅಥವಾ ಲ್ಯಾಬಿನಿಂದ. ಯಂತ್ರ, ಈ ಭಾರದ ಇಂಗಾಲದ ರಾಸಾಯನಿಕ, ಓದಿದ ಜನ ಎಲ್ಲ ಸೇರಿ ಖರ್ಚು ಏರುತ್ತದೆ. ಡಯಾಕ್ಸಿನ್ ಅಂತೂ ಇನ್ನೂ ಕಷ್ಟ. ಅದನ್ನು ಸರಿಯಾಗಿ ಅಳೆಯಬಲ್ಲ ಸರ್ಕಾರಿ ಲ್ಯಾಬ್‌ಗಳು ದೇಶದಲ್ಲೇ ಕೆಲವು, ತಿರುವನಂತಪುರದ ಸಿಎಸ್‌ಐಆರ್ ಸಂಸ್ಥೆ ಅವುಗಳಲ್ಲೊಂದು. ತಾಲ್ಲೂಕು ಮಟ್ಟದ ಲ್ಯಾಬಿನಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ.

'ಬಿಡಿಎಲ್' ಎಂದು ಬರೆದಿದ್ದರೆ

ರಿಪೋರ್ಟಿನಲ್ಲಿ ಕೀಟನಾಶಕದ ಎದುರು ಬಹಳ ಸಲ 'ಬಿಡಿಎಲ್' ಎಂದಿರುತ್ತದೆ. ಯಂತ್ರ ಹಿಡಿಯಬಲ್ಲ ಮಟ್ಟಕ್ಕಿಂತ ಕೆಳಗಿದೆ ಎಂದು ಇದರರ್ಥ. ಸೊನ್ನೆ ಎಂದಲ್ಲ. ಅಂತಹ ರಿಪೋರ್ಟ್ ಕೈಗೆ ಬಂದರೆ ಮೊದಲು ನೋಡಬೇಕಾದದ್ದು ಆ ಮಟ್ಟ ಎಷ್ಟು ಎಂದು.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500, 2012ರ ಪ್ರಕಾರ ಡಿಡಿಟಿಗೆ ಲೀಟರಿಗೆ 1 ಮೈಕ್ರೋಗ್ರಾಂ ಮಿತಿ. ಎಂಡೋಸಲ್ಫಾನ್‌ಗೆ 0.4. ಆಲ್ಡ್ರಿನ್, ಡೀಲ್ಡ್ರಿನ್‌ಗೆ 0.03. ಒಂದು ಲ್ಯಾಬಿನ ಯಂತ್ರ 0.1ಕ್ಕಿಂತ ಕೆಳಗೆ ಹಿಡಿಯಲಾರದು ಎಂದುಕೊಳ್ಳಿ. ಡಿಡಿಟಿ ಬಿಡಿಎಲ್ ಎಂದರೆ ಸರಿ, ಮಿತಿಯೊಳಗಿದೆ ಎಂದು ನಂಬಬಹುದು. ಆಲ್ಡ್ರಿನ್ ಬಿಡಿಎಲ್ ಎಂದರೆ? ಮಿತಿಯ ಮೂರು ಪಟ್ಟು ಇದ್ದರೂ ಆ ಯಂತ್ರಕ್ಕೆ ಕಾಣುವುದಿಲ್ಲ. ಅದೇ ಕಾಗದ, ಅದೇ ಮೂರಕ್ಷರ, ಒಂದು ಸಾಲಿನಲ್ಲಿ ಉತ್ತರವಿದೆ, ಇನ್ನೊಂದರಲ್ಲಿ ಉತ್ತರವೇ ಇಲ್ಲ. ಪತ್ರಿಕಾ ಹೇಳಿಕೆಯಲ್ಲಿ ಎರಡೂ 'ಪತ್ತೆಯಾಗಿಲ್ಲ' ಎಂದು ಬರುತ್ತದೆ. ಸುಳ್ಳು ಯಾರೂ ಹೇಳಿಲ್ಲ, ಆದರೂ ಜನ ದಾರಿ ತಪ್ಪುತ್ತಾರೆ.

ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ವಿಷಯದಲ್ಲೂ ಇಂಥದ್ದೇ ಒಂದು ತೊಡಕು. ಮಾನ್ಯತೆ ಸಿಗುವುದು ಇಡೀ ಲ್ಯಾಬಿಗಲ್ಲ, ಇಂಥ ವಸ್ತುವಿನಲ್ಲಿ ಇಂಥ ರಾಸಾಯನಿಕವನ್ನು ಇಂಥ ವಿಧಾನದಲ್ಲಿ ಅಳೆಯುವುದಕ್ಕೆ. ನೀರಿನಲ್ಲಿ ಫ್ಲೋರೈಡ್ ಅಳೆಯಲು ಮಾನ್ಯತೆ ಇರುವ ಲ್ಯಾಬಿಗೆ ಮಣ್ಣಿನಲ್ಲಿ ಎಂಡೋಸಲ್ಫಾನ್ ಅಳೆಯಲು ಮಾನ್ಯತೆ ಇರಬೇಕೆಂದೇನೂ ಇಲ್ಲ.

ಇನ್ನು ಆ 2012ರ ಮಾನದಂಡದಲ್ಲಿ ಪಿಎಫ್‌ಎಎಸ್‌ಗೆ ಮಿತಿಯೇ ಬರೆದಿಲ್ಲ. ಯುರೋಪಿನಲ್ಲಿ ಇಂಥ 20 ರಾಸಾಯನಿಕಗಳ ಮೊತ್ತ ಲೀಟರಿಗೆ 0.1 ಮೈಕ್ರೋಗ್ರಾಂ ದಾಟಬಾರದೆಂಬ ಮಿತಿ ಇದೆ. ನಮ್ಮಲ್ಲಿ ಮಿತಿ ಇಲ್ಲದ ಮೇಲೆ 'ಮಿತಿಯೊಳಗಿದೆ' ಎಂದೂ ಹೇಳಲಾಗದು, 'ಮಿತಿ ಮೀರಿದೆ' ಎಂದೂ ಹೇಳಲಾಗದು. ಅಳೆಯಲೇಬೇಕೆಂಬ ಒತ್ತಾಯ ಯಾರ ಮೇಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಗೊಂದಲದ ಬುಡ ಇಲ್ಲಿದೆ.

ನೀರಿಗಿಂತ ಗೋಡಿನಲ್ಲಿ ಹುಡುಕಬೇಕು

ಡಿಡಿಟಿ, ಪಿಸಿಬಿ, ಡಯಾಕ್ಸಿನ್‌ಗಳಿಗೆ ನೀರೆಂದರೆ ಆಗದು. ಸಿಕ್ಕ ಮಣ್ಣಿನ ಕಣಕ್ಕೆ, ಕೊಳೆತ ಸೊಪ್ಪಿನ ಚೂರಿಗೆ ಅಂಟಿಕೊಂಡು ಕೆರೆಯ ತಳಕ್ಕೆ ಇಳಿಯುತ್ತವೆ. ಮೇಲಿನ ನೀರು ತೆಗೆದು ಟೆಸ್ಟ್ ಮಾಡಿದರೆ ಏನೂ ಸಿಗದೇ ಹೋಗಬಹುದು. ತಳದ ಹೂಳಿನಲ್ಲಿ, ಅಂದರೆ ಗೋಡಿನಲ್ಲಿ, ವರ್ಷಗಳದ್ದು ಪದರ ಪದರವಾಗಿ ಕೂತಿರುತ್ತದೆ.

ಇದು ಬರೀ ವಿಜ್ಞಾನದ ವಿಷಯವಾಗಿ ಉಳಿಯುವುದಿಲ್ಲ, ಯಾಕೆಂದರೆ ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯುವುದು ಹಳೆಯ ಪದ್ಧತಿ. ನೀರು ಇಳಿದ ಕೆರೆಯಿಂದ ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ಹೊಲಕ್ಕೆ ಹೋಗುತ್ತದೆ. ಕೆರೆಗೂ ಒಳ್ಳೆಯದು, ಹೊಲಕ್ಕೂ ಒಳ್ಳೆಯದು, ಸರ್ಕಾರವೂ ಪ್ರೋತ್ಸಾಹ ಕೊಡುತ್ತದೆ. ಗೋಡಿನಲ್ಲಿ ಕೊಳೆಯದ ರಾಸಾಯನಿಕ ಇದ್ದರೆ ಅದೂ ಜತೆಗೆ ಹೊಲಕ್ಕೆ ಬರುತ್ತದೆ, ಅಲ್ಲಿಂದ ಕ್ಯಾರೆಟ್, ಮೂಲಂಗಿಯಂಥ ಗೆಡ್ಡೆಗೆ, ಮೇವಿನ ಮೂಲಕ ಹಾಲಿಗೆ ದಾರಿ ಇದೆ. ಎಸ್‌ಟಿಪಿಯ ಗಸಿಯನ್ನು ಒಣಗಿಸಿ ಗೊಬ್ಬರವಾಗಿ ಹಾಕಿದರೂ ಇದೇ ಲೆಕ್ಕ. ಇದೆ ಎಂದು ಹೇಳುತ್ತಿಲ್ಲ. ಗೋಡು ಎತ್ತುವ ಮುಂಚೆ ನೋಡಬೇಕು ಎಂದಷ್ಟೇ.

ಪಿಎಫ್‌ಎಎಸ್‌ಗಳಲ್ಲಿ ಇಂಗಾಲದ ಚಿಕ್ಕ ಸರಪಳಿಯವು ಹೀಗೆ ತಳದಲ್ಲಿ ಕೂರುವುದಿಲ್ಲ. ನೀರಿನಲ್ಲಿ ಕರಗಿ ಮಣ್ಣಿನೊಳಗೆ ಇಳಿಯುತ್ತವೆ. ಕೆರೆಯಲ್ಲಿ ನೀರು ನಿಲ್ಲಿಸಿ ಇಂಗಿಸುವ ಈ ಯೋಜನೆಯ ದೊಡ್ಡ ನಂಬಿಕೆಯೇ ಮಣ್ಣು ಸೋಸುತ್ತದೆ ಎಂಬುದು. ರೋಗಾಣು, ರಂಜಕ, ತೇಲುವ ಕಣ ಇವುಗಳ ಮಟ್ಟಿಗೆ ಅದು ಸಾಕಷ್ಟು ನಿಜ. ಚಿಕ್ಕ ಸರಪಳಿಯ ಪಿಎಫ್‌ಎಎಸ್ ಮಟ್ಟಿಗೆ ಆ ನಂಬಿಕೆ ಗಟ್ಟಿಯಿಲ್ಲ. ಅವನ್ನು ಹುಡುಕಬೇಕಾದದ್ದು ಕೆರೆಯ ಅಕ್ಕಪಕ್ಕದ ಬೋರ್‌ವೆಲ್‌ನಲ್ಲಿ.

ಹೂಳಿನ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಡಿಡಿಟಿ ಹಳತಾದಂತೆ ಡಿಡಿಇ, ಡಿಡಿಡಿ ಎಂಬ ಬೇರೆ ರಾಸಾಯನಿಕಗಳಾಗಿ ಬದಲಾಗುತ್ತದೆ. ಅವು ಜಾಸ್ತಿ, ಡಿಡಿಟಿ ಕಡಿಮೆ ಇದ್ದರೆ ಅದು ಹಳೆಯ ಕಾಲದ ಶೇಷ. ಉಲ್ಟಾ ಇದ್ದರೆ ಇತ್ತೀಚೆಗೆ ಎಲ್ಲಿಂದಲೋ ಬಂದಿದೆ. ಅಂದರೆ ಬೆಂಗಳೂರಿನ ನೀರು ತಂದದ್ದೆಷ್ಟು, ನಮ್ಮ ಹೊಲಗಳೇ ಕೊಟ್ಟದ್ದೆಷ್ಟು ಎಂದು ಸ್ವಲ್ಪ ಮಟ್ಟಿಗೆ ಬಿಡಿಸಿ ಹೇಳಬಹುದು. ಟೊಮೆಟೊ, ಮಾವು, ದ್ರಾಕ್ಷಿ, ಹೂವು ಬೆಳೆಯುವ ಈ ಜಿಲ್ಲೆಗಳಲ್ಲಿ ಔಷಧಿ ಹೊಡೆಯುವುದೇನು ಕಡಿಮೆಯಿಲ್ಲ. ಎಲ್ಲವನ್ನೂ ಪೈಪಿನ ಮೇಲೆ ಹೊರಿಸುವುದು ಸುಲಭ, ಆದರೆ ಪೂರ್ತಿ ನಿಜವಾಗಲಾರದು.

ಯಾರ ವಾದ ಏನು?

ಸರ್ಕಾರದ ಕಡೆಯ ವಾದ ಮೂರು ಮಾತಿನದು. ನೀರು ನಿಗದಿತ ಗುಣಮಟ್ಟದಲ್ಲಿದೆ. ಇದು ಕುಡಿಯಲು ಕೊಟ್ಟ ನೀರಲ್ಲ, ಅಂತರ್ಜಲ ತುಂಬಿಸಲು. ಪರ್ಯಾಯ ಇಲ್ಲ. ಮೂರನೆಯದಕ್ಕೆ ಉತ್ತರ ಕೊಡುವುದು ನಿಜಕ್ಕೂ ಕಷ್ಟ. ಎರಡನೆಯದು ಮಾತ್ರ ನಿಲ್ಲುವುದಿಲ್ಲ. ಕೆರೆಯಿಂದ ನೇರವಾಗಿ ಮೋಟಾರ್ ಇಟ್ಟು ನೀರೆತ್ತಬಾರದು ಎನ್ನುತ್ತಾರೆ, ಸರಿ. ಇಂಗಿದ ನೀರು ಎಲ್ಲಿಗೆ ಹೋಗುತ್ತದೆ? ಬೋರ್‌ವೆಲ್‌ಗೆ. ಹಳ್ಳಿಯವರು ಕುಡಿಯುವುದು ಯಾವುದನ್ನು? ಅದನ್ನೇ.

ಹೋರಾಟ ಸಮಿತಿಗಳ ಬೇಡಿಕೆ ಮೂರನೇ ಹಂತದ ಶುದ್ಧೀಕರಣ. ನ್ಯಾಯವಾದದ್ದೇ. ಆದರೆ ಮೂರನೇ ಹಂತ ಎಂದರೆ ಸಾಮಾನ್ಯವಾಗಿ ಮರಳು ಸೋಸುವಿಕೆ ಮತ್ತು ಕ್ಲೋರಿನ್. ರೋಗಾಣು ಹೋಗುತ್ತದೆ, ಪಿಎಫ್‌ಎಎಸ್ ಹೋಗುವುದಿಲ್ಲ. ಅದಕ್ಕೆ ಇದ್ದಿಲಿನ ಕಣಗಳು, ಅಯಾನ್ ವಿನಿಮಯ ಅಥವಾ ಆರ್‌ಓ ಬೇಕು. ದಿನಕ್ಕೆ 44 ಕೋಟಿ ಲೀಟರಿಗೆ ಆರ್‌ಓ ಹಾಕಿದರೆ ಕರೆಂಟಿನ ಖರ್ಚು ಬಿಡಿ, ಅದರಿಂದ ಉಳಿಯುವ ಗಟ್ಟಿ ಕೊಳೆ ನೀರನ್ನು ಎಲ್ಲಿಗೆ ಬಿಡುವುದು? ಹಳ್ಳಿಗಳ ಐದು ರೂಪಾಯಿ ಕಾಯಿನ್ ಘಟಕಗಳಲ್ಲೂ ಇದೇ ಪ್ರಶ್ನೆ ಇದೆ. ಆರ್‌ಓ ಪಿಎಫ್‌ಎಎಸ್ ಬಹುಪಾಲು ತಡೆಯುತ್ತದೆ, ತಡೆದದ್ದು ಹಿಂದಿನ ಚರಂಡಿಗೆ ಹರಿಯುತ್ತದೆ. ನೀರು ಕುದಿಸಿದರೆ ಏನೂ ಪ್ರಯೋಜನವಿಲ್ಲ, ಆವಿ ಹೋಗಿ ಇನ್ನಷ್ಟು ಗಟ್ಟಿಯಾಗಬಹುದು ಅಷ್ಟೇ. ಹಾಗಾಗಿ 'ಮೂರನೇ ಹಂತ' ಎಂದು ಕೇಳುವುದರ ಜತೆಗೆ ಯಾವುದನ್ನು ತೆಗೆಯಲು ಎಂದೂ ಕೇಳಬೇಕಾಗುತ್ತದೆ. ಅದನ್ನು ಹೇಳಲು ಮೊದಲು ಅಳೆದಿರಬೇಕು.

ರೈತರ ಕಡೆಯ ಭಯ ಬಾಯಿಬಿಟ್ಟು ಹೇಳುವವರು ಕಡಿಮೆ. ರಿಪೋರ್ಟ್ ಕೆಟ್ಟದಾಗಿ ಬಂದರೆ ಕೋಲಾರದ ಟೊಮೆಟೊ ಯಾರು ಕೊಳ್ಳುತ್ತಾರೆ? ಜಮೀನಿನ ಬೆಲೆ ಏನಾಗುತ್ತದೆ? ಈ ಭಯವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ನೀರು ಕೊಟ್ಟವರು ಬೇರೆ, ಪರೀಕ್ಷೆ ಮಾಡುವವರು ಬೇರೆ, ನಷ್ಟ ಹೊರುವವನು ಮಾತ್ರ ರೈತನೇ.

ಹೊಸ ನಿಯಮ ತರುವ ಬದಲಾವಣೆ

2025ರ ನಿಯಮದ ಪ್ರಕಾರ, ಮಾಲಿನ್ಯದ ಅನುಮಾನವಿರುವ ಜಾಗಗಳ ಬಗ್ಗೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಥವಾ ಗೊತ್ತುಮಾಡಿದ ತಜ್ಞ ಸಂಸ್ಥೆ 90 ದಿನದಲ್ಲಿ ಮೊದಲ ಪರಿಶೀಲನೆ ಮುಗಿಸಬೇಕು. ಅನುಮಾನ ಉಳಿದರೆ ಇನ್ನು ಮೂರು ತಿಂಗಳಲ್ಲಿ ವಿವರವಾದ ಸರ್ವೆ. ಮಟ್ಟ ಮೀರಿದೆ ಎಂದು ಖಚಿತವಾದರೆ ಆ ಜಾಗವನ್ನು ಬಹಿರಂಗಪಡಿಸಿ, ಜನ ಹೋಗದಂತೆ ಮಾಡಿ, ಶುಚಿಗೊಳಿಸುವ ಯೋಜನೆ ಮಾಡಬೇಕು. ಕೆಡಿಸಿದವರು ಯಾರೆಂದು ಪತ್ತೆಯಾದರೆ ಖರ್ಚು ಅವರದ್ದು. ಪತ್ತೆಯಾಗದಿದ್ದರೆ ಕೇಂದ್ರ, ರಾಜ್ಯ ಸರ್ಕಾರಗಳದ್ದು. ಗಣಿಗಾರಿಕೆಯ ಮಾಲಿನ್ಯವನ್ನು, ಅದಕ್ಕೆ ಬೇರೆ ಕಾನೂನಿದೆ ಎಂದು, ಈ ನಿಯಮ ಹೊರಗಿಟ್ಟಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಹಾಗೇ ನಿಂತಿರುವ ಕೆಜಿಎಫ್‌ನ ಸೈನೈಡ್ ಗುಡ್ಡಗಳಿಗೆ ಇದರಿಂದ ಏನಾದರೂ ಆದೀತು ಎಂದು ಕಾಯುವವರಿಗೆ ನಿರಾಸೆಯೇ ಜಾಸ್ತಿ.

ನಿಯಮದ ಬಲ ಇರುವುದು 'ಕೆಡಿಸಿದವರು ಕೊಡಬೇಕು' ಎಂಬಲ್ಲಿ. ಅದು ಕೆಲಸ ಮಾಡಬೇಕಾದರೆ ಮೊದಲು ಹೇಗಿತ್ತು, ಈಗ ಹೇಗಿದೆ ಎಂಬ ಎರಡು ಅಂಕಿ ಬೇಕು. ಎರಡನೆಯದು ಮಾತ್ರ ಇದ್ದರೆ ಬೆಂಗಳೂರಿನವರು ರೈತರನ್ನು ತೋರಿಸುತ್ತಾರೆ, ರೈತರು ಪೈಪನ್ನು ತೋರಿಸುತ್ತಾರೆ, ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳತ್ತ ಇಬ್ಬರೂ ಬೆರಳು ತೋರಿಸುತ್ತಾರೆ. ಖರ್ಚು ಕೊನೆಗೆ ನಮ್ಮ ತೆರಿಗೆಗೇ ಬರುತ್ತದೆ. 2018ಕ್ಕೆ ಮುಂಚೆಯೇ ಈ ರಾಸಾಯನಿಕಗಳಿಗಾಗಿ ಹೂಳು, ಬೋರ್‌ವೆಲ್ ಅಳೆದು ಇಟ್ಟಿದ್ದರೆ ಇವತ್ತು ಜಗಳವೇ ಬೇರೆ ಥರ ಇರುತ್ತಿತ್ತು.

ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಪೈಪಿನ ನೀರು ಬರುವ ಕೆರೆಗಳ ಪಕ್ಕದಲ್ಲೇ, ಅದೇ ತಾಲ್ಲೂಕಿನಲ್ಲಿ, ಆ ನೀರು ಬರದ ಕೆರೆಗಳೂ ಇವೆ. ಸುತ್ತ ಅದೇ ಬೆಳೆ, ಅದೇ ಮಣ್ಣು, ಅದೇ ಔಷಧಿ ಅಂಗಡಿ. ಎರಡರ ಹೂಳನ್ನೂ ಒಂದೇ ಲ್ಯಾಬಿನಲ್ಲಿ, ಒಂದೇ ಪಟ್ಟಿಗೆ ಟೆಸ್ಟ್ ಮಾಡಿದರೆ ವ್ಯತ್ಯಾಸ ಎಷ್ಟು ಎಂದು ತಿಳಿಯುತ್ತದೆ. ಹೂಳಿನ ಆಳದ ಪದರಗಳನ್ನು ಹಾಗೇ ಕೊಳವೆಯಲ್ಲಿ ತೆಗೆದರೆ ಹಳೆಯ ವರ್ಷಗಳದ್ದೂ ಸಿಗುತ್ತದೆ. ಎಲ್ಲ ಕೆರೆಗಳಿಗೂ ಮಾಡುವ ಅಗತ್ಯವಿಲ್ಲ. ನೀರು ಮೊದಲು ಬರುವ ಕೆರೆ, ಸರಣಿಯ ನಡುವಿನದು, ಕೊನೆಯದು, ನೀರು ಬಾರದ ಒಂದೆರಡು, ಜತೆಗೆ ಇವುಗಳ ಹತ್ತಿರದ ಕುಡಿಯುವ ನೀರಿನ ಬೋರ್‌ವೆಲ್‌ಗಳು. ಆರಂಭಕ್ಕೆ ಇಷ್ಟು ಸಾಕು.

ಇದಕ್ಕೆ ಈಗ ಅಡ್ಡಿ ಹಣಕ್ಕಿಂತ ಜಾಸ್ತಿ ಹಂಚಿಹೋದ ಜವಾಬ್ದಾರಿ. ಕೊಳಚೆ ಶುದ್ಧ ಮಾಡುವುದು ಬೆಂಗಳೂರು ಜಲಮಂಡಳಿ. ಕೆರೆಗೆ ಹರಿಸುವುದು ಸಣ್ಣ ನೀರಾವರಿ ಇಲಾಖೆ. ಹಳ್ಳಿಯ ಕುಡಿಯುವ ನೀರು ನೋಡುವುದು ಗ್ರಾಮೀಣ ನೀರು ಸರಬರಾಜು ಇಲಾಖೆ. ಮಣ್ಣು ನೋಡುವುದು ಕೃಷಿ ಇಲಾಖೆ. ಮಾಲಿನ್ಯಕ್ಕೆ ಮಂಡಳಿ. ಪ್ರತಿಯೊಬ್ಬರ ಬಳಿಯೂ ಒಂದು ಪಟ್ಟಿ ಇದೆ, ಪ್ರತಿಯೊಬ್ಬರೂ ತಮ್ಮ ಪಟ್ಟಿಗೆ ಸರಿಯಾಗಿ ಟೆಸ್ಟ್ ಮಾಡುತ್ತಾರೆ. ಹೊಸ ನಿಯಮದ ಆರು ತಿಂಗಳ ವರದಿ ಈ ಐದೂ ಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ತರಬಲ್ಲದು, ಜಿಲ್ಲಾಧಿಕಾರಿ ಕಚೇರಿ ಅದನ್ನು ಬರೀ ಹಳೆಯ ರಿಪೋರ್ಟ್‌ಗಳನ್ನು ಪಿನ್ ಮಾಡಿ ಕಳಿಸುವ ಕೆಲಸ ಎಂದುಕೊಳ್ಳದಿದ್ದರೆ. ಸ್ಯಾಂಪಲ್ ತೆಗೆಯುವುದಾದರೆ ಅದಕ್ಕೊಂದು ಕಾಲವೂ ಇದೆ: ಮಾರ್ಚ್, ಏಪ್ರಿಲ್‌ನಲ್ಲಿ ಕೆರೆ ಇಳಿದಾಗ, ಟ್ರ್ಯಾಕ್ಟರ್‌ಗಳು ಗೋಡಿಗೆ ಇಳಿಯುವ ಮುಂಚೆ.